ಮದ್ದಿನ ಅಂಗಿ ತೊಟ್ಟ ಕಷಾಯ

ಉತ್ತರ ಕನ್ನಡದಲ್ಲಿ ಕಷಾಯ ಹಳೆಯದು. ಅದರ ಬಗ್ಗೆ ಈಗ ಆಡುತ್ತಿರುವ ಮಾತು ಹೊಸದು. ಅಂಗಳದ ಅಂಚಿನಿಂದ ನಾಲ್ಕು ಎಸಳು ಮಜ್ಜಿಗೆಹುಲ್ಲು ಕೊಯ್ದು ಕುದಿನೀರಿಗೆ ಹಾಕಿ, ಚೂರು ಬೆಲ್ಲ ಸೇರಿಸಿ ಕುಡಿಯುವುದನ್ನು ಜೊಯಿಡಾ, ಯಲ್ಲಾಪುರ, ಶಿರಸಿ ಸೀಮೆಯ ಮನೆಗಳು ಒಂದು ಸಾಧನೆಯೆಂದು ಎಂದೂ ಎಣಿಸಿರಲಿಲ್ಲ. ಬಂದವರಿಗೆ ಆಸರಿಗೆ ಏನು ಬೇಕೆಂದು ಕೇಳುವಾಗ ಚಾ, ಮಜ್ಜಿಗೆ, ಬೆಲ್ಲ–ನೀರುಗಳ ಸಾಲಿನಲ್ಲೇ ಕಷಾಯದ ಹೆಸರೂ ಬರುತ್ತಿತ್ತು, ಅಷ್ಟೆ. 2020ರ ಕೊರೊನಾ ಕಾಲದ ನಂತರ ಅದೇ ಲೋಟಕ್ಕೆ ‘ರೋಗನಿರೋಧಕ’, ‘ಡಿಟಾಕ್ಸ್’, ‘ಬೊಜ್ಜು ಕರಗಿಸುವ’ ಎಂಬ ಬಿರುದುಗಳು ಅಂಟಿಕೊಂಡವು. ‘ನಿಮ್ಮ ಅಂಗಳವೇ ನಿಮ್ಮ ಔಷಧಾಲಯ’ ಎಂಬ ಧಾಟಿಯ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಅಂಗಳದ ಗಿಡಗಳಿಂದ ಕಷಾಯ ಮಾಡುವ ರೂಢಿ ಒಳ್ಳೆಯದು, ಉಳಿಯಬೇಕಾದದ್ದು. ಆದರೆ ಅದನ್ನು ಉಳಿಸಲು ನಾವು ಕೊಡುತ್ತಿರುವ ಕಾರಣ ತಪ್ಪು. ಕಷಾಯವನ್ನು ಮದ್ದೆಂದು ಅಳೆದರೆ ಅದು ಸೋಲುತ್ತದೆ, ಕೆಲವೊಮ್ಮೆ ಕೇಡನ್ನೂ ತರುತ್ತದೆ. ಪಾನೀಯವೆಂದು ಅಳೆದರೆ ಅದರ ನಿಜವಾದ ಗುಣ ಕಾಣುತ್ತದೆ. ಕುಡಿಯುವವನಿಗೆ ತಾನು ಕುಡಿಯುವ ಗಿಡ ಯಾವುದು, ಅದು ಎಲ್ಲಿ ಬೆಳೆಯಿತು, ಯಾರು ಕೊಯ್ದರು ಎಂಬುದೆಲ್ಲ ಗೊತ್ತಿರುವುದೇ ಆ ಗುಣ.

ಈ ವಾದಕ್ಕೆ ಜೊಯಿಡಾಕ್ಕಿಂತ ತಕ್ಕ ನೆಲ ಸಿಗುವುದು ಕಷ್ಟ. ಹಿಂದೆ ಸೂಪಾ ಎಂದು ಕರೆಸಿಕೊಳ್ಳುತ್ತಿದ್ದ, ಸೂಪಾ ಪಟ್ಟಣ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಮೇಲೆ ಜೊಯಿಡಾವನ್ನೇ ಕೇಂದ್ರ ಮಾಡಿಕೊಂಡ ಈ ತಾಲ್ಲೂಕು ರಾಜ್ಯದ ವಿಸ್ತಾರವಾದ ತಾಲ್ಲೂಕುಗಳಲ್ಲೊಂದು. ಆದರೂ 2011ರ ಜನಗಣತಿಯಲ್ಲಿ ಇಲ್ಲಿದ್ದವರು ಐವತ್ತು ಸಾವಿರದ ಆಸುಪಾಸು. ಮನೆಗಳು ದೂರ ದೂರ, ನಡುವೆ ಕಾಡು. ಕೊಂಕಣಿ, ಕನ್ನಡ, ಮರಾಠಿ ಮೂರೂ ಇಲ್ಲಿ ಮನೆಮಾತು. ಕುಣಬಿ ಸಮುದಾಯದವರ ಮನೆಯ ಸುತ್ತ ಗೆಡ್ಡೆ–ಗೆಣಸಿನ ಪಾತಿ, ಗುಂದ–ಉಳವಿ ಕಡೆಯ ಹವ್ಯಕರ ಮನೆಯ ಕೆಳಗೆ ಅಡಿಕೆ ತೋಟ, ಎಲ್ಲರ ಅಂಗಳದಲ್ಲೂ ತುಳಸಿಕಟ್ಟೆ. ಬೇಲಿಯ ಬುಡದಲ್ಲಿ ದೊಡ್ಡಪತ್ರೆ, ತೋಟದ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಶುಂಠಿ–ಅರಿಸಿನದ ಮಡಿ, ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ, ಮರವೇರಿದ ಅಮೃತಬಳ್ಳಿ, ಹಿತ್ತಲಿನಾಚೆ ಮುರುಗಲು. ಮಳೆ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಒಣಗಿಸಿದ ಸೊಪ್ಪು ಆ ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ. ಆದರೆ ಬಿಸಿ ಲೋಟವೊಂದು ಬೇಕೆನಿಸುವ ಆ ನಾಲ್ಕು ತಿಂಗಳಲ್ಲೇ ಮಜ್ಜಿಗೆಹುಲ್ಲು ಸೊಕ್ಕಿ ಬೆಳೆದಿರುತ್ತದೆ. ಈ ರೂಢಿ ಹುಟ್ಟಿದ್ದಕ್ಕೆ ಆಯುರ್ವೇದದ ಗ್ರಂಥಕ್ಕಿಂತ ಈ ಹವೆಯೇ ಹೆಚ್ಚು ಕಾರಣವಿರಬಹುದು. ಬೇಕಾದ ಹೊತ್ತಿಗೆ, ಬೇಕಾದಷ್ಟು, ದುಡ್ಡಿಲ್ಲದೆ ಕೈಗೆ ಸಿಗುವ ಪರಿಮಳ ಅದು.

ಮೊದಲು ಒಂದು ಭ್ರಮೆಯನ್ನು ಬಿಡಿಸಿಕೊಳ್ಳಬೇಕು. ಕಷಾಯವೆಂದರೆ ಪೂರ್ತಿ ನಮ್ಮ ಮಣ್ಣಿನದು, ಹೊರಗಿನ ಸೋಂಕಿಲ್ಲದ್ದು ಎಂಬ ಹೆಮ್ಮೆ ಪರೀಕ್ಷೆಗೆ ನಿಲ್ಲುವುದಿಲ್ಲ. ಹವ್ಯಕರ ಮನೆಗಳಲ್ಲಿ ವರ್ಷವಿಡೀ ಡಬ್ಬದಲ್ಲಿರುವ ಕಷಾಯದ ಪುಡಿಗೆ ಮುಖ್ಯವಾಗಿ ಬೇಕಾದವು ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸು, ಶುಂಠಿ. ಇವುಗಳಲ್ಲಿ ಮಲೆನಾಡಿನ ಅಂಗಳದ್ದೆನ್ನಬಹುದಾದವು ಕೊನೆಯ ಎರಡೇ. ದೇಶದ ಜೀರಿಗೆಯೆಲ್ಲ ಹೆಚ್ಚುಕಡಿಮೆ ಗುಜರಾತ್, ರಾಜಸ್ಥಾನಗಳಿಂದ ಬರುತ್ತದೆ. ಕೊತ್ತಂಬರಿ, ಮೆಂತ್ಯಗಳೂ ಒಣನಾಡಿನ ಬೆಳೆಗಳು. ನಮ್ಮದೇ ಎಂದುಕೊಂಡಿರುವ ದೊಡ್ಡಪತ್ರೆಯ ನಂಟು ಆಫ್ರಿಕದವರೆಗೆ ಚಾಚಿದೆ. ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಬರೆದು ಅಡುಗೆಮನೆಯ ಸ್ವದೇಶಿ ಗರ್ವವನ್ನು ನಯವಾಗಿ ಇಳಿಸಿ ಎಷ್ಟೋ ಕಾಲವಾಯಿತು. ಆ ಪಾಠ ಕಷಾಯಕ್ಕೂ ಸಲ್ಲುತ್ತದೆ. ಆದ್ದರಿಂದ ಅಂಗಳದ ಕಷಾಯವನ್ನು ಮೆಚ್ಚುವುದಾದರೆ ಮೂಲದ ಶುದ್ಧಿಗಾಗಿ ಮೆಚ್ಚಬೇಕಿಲ್ಲ. ಗಿಡ ಎಲ್ಲಿಂದ ಬಂದದ್ದಾದರೂ ಅದನ್ನು ನೆಟ್ಟು, ನೋಡಿ, ಮುಟ್ಟಿ, ಮೂಸಿ ಬಲ್ಲವರು ಅಲ್ಲಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ. ಡಬ್ಬದ ಪುಡಿಗೂ ಅಂಗಳದ ಎಸಳಿಗೂ ಇರುವ ವ್ಯತ್ಯಾಸ ಇದು: ಮೊದಲನೆಯದರಲ್ಲಿ ನಂಬಿಕೆ ಅಂಗಡಿಯ ಮೇಲೆ, ಎರಡನೆಯದರಲ್ಲಿ ಕಣ್ಣು–ಮೂಗಿನ ಮೇಲೆ.

ಪಾನೀಯವಾಗಿ ನೋಡುವುದೆಂದರೆ ರುಚಿಯ ಲೆಕ್ಕ ಕೇಳುವುದು. ಇಲ್ಲಿ ನಮ್ಮ ಈಗಿನ ಅಭ್ಯಾಸ ಸಾಕಷ್ಟು ಒರಟಾಗಿದೆ. ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು, ಶುಂಠಿ, ಮೆಣಸು, ಅಮೃತಬಳ್ಳಿ, ಸಿಕ್ಕಿದರೆ ಕರಿಬೇವು, ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಅರ್ಧಕ್ಕಿಳಿಯುವವರೆಗೆ ಕುದಿಸುವುದು ಈಗ ರೂಢಿಯಾಗಿದೆ. ಸಸ್ಯದ ಸ್ವಭಾವಕ್ಕೆ ಇದು ವಿರುದ್ಧ. ಮಜ್ಜಿಗೆಹುಲ್ಲಿನ ನಿಂಬೆವಾಸನೆಗೆ ಕಾರಣ ಸಿಟ್ರಾಲ್, ತುಳಸಿಯ ಲವಂಗದಂಥ ಘಮಕ್ಕೆ ಯೂಜಿನಾಲ್, ದೊಡ್ಡಪತ್ರೆಯ ಓಮದ ಖಾರಕ್ಕೆ ಕಾರ್ವಕ್ರಾಲ್ ಮತ್ತು ಥೈಮಾಲ್. ಇವೆಲ್ಲ ಆವಿಯೊಡನೆ ಹಾರಿಹೋಗುವ ತೈಲಗಳು. ಇಪ್ಪತ್ತು ನಿಮಿಷ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮಿಸುತ್ತದೆ, ಲೋಟದಲ್ಲಿ ಉಳಿಯುವುದು ಹುಲ್ಲಿನ ಕಹಿ. ಎಲೆಗೆ ಬೇಕಾದದ್ದು ಒಲೆಯಿಂದ ಇಳಿಸಿದ ಬಿಸಿನೀರು, ಮೇಲೊಂದು ಮುಚ್ಚಳ, ಐದಾರು ನಿಮಿಷದ ತಾಳ್ಮೆ. ಬೇರು, ತೊಗಟೆ, ಒಣಬೀಜಗಳ ಸಂಗತಿ ಬೇರೆ. ಅವು ಗಟ್ಟಿ, ಕುದಿಯದೆ ಬಿಟ್ಟುಕೊಡುವುದಿಲ್ಲ. ಈ ವಿವೇಕ ಹೊಸದೂ ಅಲ್ಲ, ಹೊರಗಿನದೂ ಅಲ್ಲ. ಶಾರ್ಙ್ಗಧರ ಸಂಹಿತೆ ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಐದು ಬಗೆಗಳನ್ನು ಬೇರ್ಪಡಿಸಿದೆ: ಹಿಂಡಿದ ರಸ, ಅರೆದ ಮುದ್ದೆ, ಕುದಿಸಿ ಇಳಿಸಿದ್ದು, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿದ್ದು, ಬಿಸಿನೀರಲ್ಲಿ ನೆನೆಸಿ ಸೋಸಿದ್ದು. ಅಂಗಳದ ಎಲೆಗಳಿಗೆ ಒಪ್ಪುವುದು ಈ ಕೊನೆಯ ಫಾಂಟ. ಪರಂಪರೆಯ ಹೆಸರಲ್ಲಿ ಎಲ್ಲವನ್ನೂ ಕುದಿಸಿ ಬತ್ತಿಸುವವರು ಆ ಪರಂಪರೆಯ ಸೂಕ್ಷ್ಮವನ್ನೇ ಬತ್ತಿಸುತ್ತಿದ್ದಾರೆ.

ಅದೇ ಗ್ರಂಥ ಇನ್ನೊಂದು ವಿಷಯವನ್ನೂ ಇತ್ಯರ್ಥ ಮಾಡುತ್ತದೆ. ಕ್ವಾಥಕ್ಕೆ ಅಲ್ಲಿ ಹೇಳಿರುವ ಪ್ರಮಾಣ ಒಂದು ಪಲ ದ್ರವ್ಯಕ್ಕೆ ಹದಿನಾರು ಪಟ್ಟು ನೀರು, ಎಂಟನೆಯ ಒಂದು ಭಾಗಕ್ಕೆ ಇಳಿಯುವವರೆಗೆ ಕುದಿತ. ಪಲವನ್ನು ಈಗ ಸುಮಾರು 48 ಗ್ರಾಂ ಎಂದು ಎಣಿಸುತ್ತಾರೆ. ಅಂದರೆ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ನೀರು ಬತ್ತಿ ನೂರು ಮಿಲಿಲೀಟರಿನೊಳಗೆ ನಿಲ್ಲುವ, ನಾಲಿಗೆ ಮುದುಡಿಸುವ ಗಟ್ಟಿ ದ್ರವ. ನಮ್ಮ ಮನೆಗಳ ಕಷಾಯವೋ, ನಾಲ್ಕು ಲೋಟ ನೀರಿಗೆ ಒಂದೆರಡು ಚಮಚ ಪುಡಿ, ಮೇಲೆ ಹಾಲು, ಬೆಲ್ಲ. ಇವೆರಡರ ನಡುವಿನ ಅಂತರ ಹತ್ತಾರು ಪಟ್ಟು. ಮೊದಲನೆಯದು ವೈದ್ಯ ರೋಗಿಯನ್ನು ನೋಡಿ, ದಿನ ಎಣಿಸಿ ಕೊಡುವ ಮದ್ದು. ಎರಡನೆಯದು ನೆಂಟರಿಗೆ, ಮಕ್ಕಳಿಗೆ, ಗದ್ದೆಯಿಂದ ಬಂದವರಿಗೆ ಲೆಕ್ಕವಿಲ್ಲದೆ ಬಡಿಸುವ ಆಸರಿ. ಆಯುರ್ವೇದದ ಅಧಿಕಾರವನ್ನು ತಂದು ಈ ತೆಳು ಪಾನೀಯಕ್ಕೆ ಹೊದಿಸುವವರು ಎರಡಕ್ಕೂ ಅಪಚಾರ ಮಾಡುತ್ತಾರೆ. ಲೋಟದ ತೆಳುವೇ ಅದರ ರಕ್ಷಣೆ ಎಂಬುದನ್ನೂ ಮರೆಯುತ್ತಾರೆ. ದಿನವೂ ಕುಡಿಯಬಹುದಾದದ್ದು ದಿನವೂ ಕುಡಿಯಲು ಸಾಧ್ಯವಾಗುವಷ್ಟು ಸೌಮ್ಯವಾಗಿರಲೇಬೇಕು.

‘ಹಾಗಾದರೆ ವಿಜ್ಞಾನವೇ ಇವುಗಳ ಗುಣವನ್ನು ತೋರಿಸಿಲ್ಲವೇ?’ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಕೆಲವು ಕಡೆ ತೋರಿಸಿದೆ, ನಿಜ. ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರಕ್ತದೊತ್ತಡ ತುಸು ಏರಿದ್ದ 65 ಮಂದಿ ಆರು ವಾರ ದಿನಕ್ಕೆ ಮೂರು ಲೋಟ ಪಾನೀಯ ಕುಡಿದರು. ದಾಸವಾಳದ ಕುಲದ ರೋಸೆಲ್ ಎಂಬ ಗಿಡದ ಪಾನೀಯ ಕುಡಿದವರಲ್ಲಿ ಮೇಲಿನ ಅಂಕಿ ಸರಾಸರಿ 7.2ರಷ್ಟು ಇಳಿಯಿತು, ಅದರಂತೆಯೇ ಕಾಣುವ ಹುಸಿ ಪಾನೀಯ ಕುಡಿದವರಲ್ಲಿ 1.3. ಇದು ತಳ್ಳಿಹಾಕುವ ಫಲಿತಾಂಶವಲ್ಲ. ಆದರೆ ಅದು ಹೇಳುವುದು ಎಷ್ಟು? ಆ ಗಿಡ ನಮ್ಮ ಪುಂಡಿಯ ಬಳಗದ್ದು. ಬಳಸಿದ್ದು ಹೂವುದುರಿದ ಮೇಲೆ ಉಳಿಯುವ ಕೆಂಪು ಪುಷ್ಪಕೋಶ, ಅದೂ ಒಂದೊಂದು ಲೋಟಕ್ಕೆ ತೂಕ ಹಾಕಿ. ಅಂಗಳದಲ್ಲಿ ದೇವರ ಪೂಜೆಗೆ ಬೆಳೆಸಿದ ದಾಸವಾಳದ ಎಸಳಿಗೆ ಆ ಫಲಿತಾಂಶ ಸಲ್ಲುವುದಿಲ್ಲ. ಅಣ್ಣನ ಪರೀಕ್ಷೆಯ ಅಂಕ ತಮ್ಮನ ಪಟ್ಟಿಗೆ ಬರೆಯಲಾಗದು. ಆದರೆ ನಮ್ಮಲ್ಲಿ ಹರಿದಾಡುವ ಬಹುಪಾಲು ಹೇಳಿಕೆಗಳ ಹುಟ್ಟು ಹೀಗೆಯೇ: ಒಂದು ಜಾತಿಯ ಮೇಲೆ ನಡೆದದ್ದು ಇನ್ನೊಂದಕ್ಕೆ, ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕಂಡದ್ದು ಹೊಟ್ಟೆಗೆ, ಸಾರಸತ್ವದ ಗುಳಿಗೆಯದ್ದು ತೆಳು ಲೋಟಕ್ಕೆ.

ಚಹಾದಲ್ಲಿ ದೋಷವಿದೆ, ಗಿಡಮೂಲಿಕೆಯಲ್ಲಿ ಇಲ್ಲ ಎಂಬ ಸರಳ ಗಣಿತವೂ ತಾಳೆಯಾಗುವುದಿಲ್ಲ. ಊಟದ ಜೊತೆ ಕುಡಿದ ಚಹಾ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತದೆಂಬುದು ಬಹಳ ಮಂದಿಗೆ ಗೊತ್ತು. ಅದೇ ಅಳತೆಗೋಲನ್ನು ಹರ್ಬಲ್ ಟೀಗಳಿಗೂ ಹಿಡಿದು ನೋಡಿದ 1999ರ ಅಧ್ಯಯನದಲ್ಲಿ ಕಪ್ಪು ಚಹಾ ಕಬ್ಬಿಣದ ಹೀರಿಕೆಯನ್ನು ಶೇ. 79ರಿಂದ 94ರಷ್ಟು ತಗ್ಗಿಸಿದರೆ, ಪೆಪ್ಪರ್‌ಮಿಂಟ್ ಎಲೆಯ ಪಾನೀಯ ಶೇ. 84ರಷ್ಟು, ಕ್ಯಾಮೊಮೈಲ್ ಹೂವಿನದು ಶೇ. 47ರಷ್ಟು ತಗ್ಗಿಸಿತು. ರಕ್ತಹೀನತೆಯ ಹೆಣ್ಣುಮಕ್ಕಳು ಮನೆಮನೆಯಲ್ಲಿರುವ ನಾಡಿನಲ್ಲಿ ಈ ಮಾತು ಸಣ್ಣದಲ್ಲ: ಕಷಾಯವಾದರೂ ಊಟಕ್ಕೂ ಅದಕ್ಕೂ ನಡುವೆ ಒಂದು ಗಂಟೆಯಾದರೂ ಬಿಡುವಿರಲಿ. ಬೆಲ್ಲದ್ದೂ ಹಾಗೆಯೇ. ಸಕ್ಕರೆಯ ಬದಲು ಬೆಲ್ಲ ಹಾಕಿದೆವೆಂದು ಸಮಾಧಾನಪಟ್ಟುಕೊಳ್ಳುವವರ ರಕ್ತಕ್ಕೆ ಆ ಭೇದ ಹೆಚ್ಚೇನೂ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿಯ ಪ್ರಕಾರ ಆಹಾರಕ್ಕೆ ಸೇರಿಸುವ ಎಲ್ಲ ಬಗೆಯ ಸಕ್ಕರೆ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು, ಅರ್ಧಕ್ಕಿಳಿದರೆ ಇನ್ನೂ ಒಳ್ಳೆಯದು. ಕಷಾಯ ಒಳ್ಳೆಯದೆಂದು ದಿನಕ್ಕೆ ನಾಲ್ಕು ಲೋಟ ಸಿಹಿಯಾಗಿ ಇಳಿಸಿದವರು ಆ ಮಿತಿಯನ್ನು ‘ಆರೋಗ್ಯ’ದ ಹೆಸರಲ್ಲೇ ದಾಟಬಲ್ಲರು. ಮಜ್ಜಿಗೆಹುಲ್ಲಿನ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇದು: ಚೆನ್ನಾಗಿ ಮಾಡಿದರೆ ಅದಕ್ಕೆ ಸಿಹಿಯೇ ಬೇಡ, ಮತ್ತು ಅದರಲ್ಲಿ ಕೆಫೀನ್ ಇಲ್ಲ. ಸಂಜೆ ಕುಡಿದು ರಾತ್ರಿ ಮಲಗಬಹುದು. ಮದ್ದಾಗದೆಯೂ ಒಂದು ಪಾನೀಯ ಹೀಗೆ ಉಪಕಾರಿಯಾಗಬಲ್ಲದು.

ಇನ್ನೂ ಗಟ್ಟಿಯಾದ ಆಕ್ಷೇಪ ಪರಂಪರೆಯದು. ಹಿರಿಯರು ಜ್ವರಕ್ಕೆ, ಭೇದಿಗೆ, ಕೆಮ್ಮಿಗೆ ಅಂಗಳದ ಗಿಡವನ್ನೇ ಕೊಟ್ಟರಲ್ಲ, ಅದೆಲ್ಲ ಸುಳ್ಳೇ ಎಂದು ಕೇಳಬಹುದು. ಸುಳ್ಳೆನ್ನುವ ಅಗತ್ಯವಿಲ್ಲ, ಆ ಪರಂಪರೆ ಮದ್ದನ್ನೂ ಪಾನೀಯವನ್ನೂ ಹೇಗೆ ಬೇರೆ ಇಟ್ಟಿತ್ತೆಂದು ನೋಡಿದರೆ ಸಾಕು. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆಮರದ ತೊಗಟೆಯ ಕಷಾಯ ಇದಕ್ಕೆ ಒಳ್ಳೆಯ ಸಾಕ್ಷಿ. ಬೆಳಗಾಗುವ ಮೊದಲು, ಲೋಹ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆ, ಖಾಲಿ ಹೊಟ್ಟೆಗೆ ಸ್ವಲ್ಪವೇ ಸ್ವಲ್ಪ, ಆಮೇಲೆ ಮೆಂತ್ಯದ ಗಂಜಿ. ಅದೂ ವರ್ಷಕ್ಕೊಂದೇ ದಿನ. ಈ ಕಟ್ಟಳೆಗಳಲ್ಲಿ ನಂಬಿಕೆ ಎಷ್ಟು, ಅನುಭವ ಎಷ್ಟು ಎಂದು ಬಿಡಿಸುವುದು ಕಷ್ಟ. ಆದರೆ ಅವು ಮಾಡುವ ಕೆಲಸ ಸ್ಪಷ್ಟ: ತೀಕ್ಷ್ಣವಾದ ಗಿಡಕ್ಕೆ ದಿನ, ಹೊತ್ತು, ಪ್ರಮಾಣಗಳ ಬೇಲಿ. ಆ ಮಬ್ಬುಗತ್ತಲಲ್ಲಿ ಹಾಲೆಯ ಬದಲು ಕಾಸರಕನ ತೊಗಟೆ ಕೈಗೆ ಬಂದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೆ ಮರದ ಗುರುತು ಹಿಂದಿನ ದಿನವೇ ಬಲ್ಲವರಿಂದ ಆಗಬೇಕೆಂಬ ಎಚ್ಚರ. ಈಗಿನ ‘ದಿನವೂ ಒಂದು ಲೋಟ’ ಎಂಬ ಉಪದೇಶ ಮಾಡುತ್ತಿರುವುದು ಈ ಬೇಲಿಯನ್ನು ಕಿತ್ತೊಗೆಯುವ ಕೆಲಸ. ಗಿಡವನ್ನು ಉಳಿಸಿಕೊಂಡು ಕಟ್ಟಳೆಯನ್ನು ಬಿಟ್ಟದ್ದಕ್ಕೆ ಪರಂಪರೆ ಎಂಬ ಹೆಸರು ಒಪ್ಪುವುದಿಲ್ಲ.

ಬೇಲಿ ಕಿತ್ತರೆ ಏನಾಗುತ್ತದೆಂಬುದಕ್ಕೆ ಅಮೃತಬಳ್ಳಿಯ ಕತೆ ತೀರ ದೂರದ್ದಲ್ಲ. 2020ರಲ್ಲಿ ಆಯುಷ್ ಸಚಿವಾಲಯ ಸೂಚಿಸಿದ ಕ್ವಾಥದಲ್ಲಿದ್ದದ್ದು ತುಳಸಿ, ದಾಲ್ಚಿನ್ನಿ, ಒಣಶುಂಠಿ, ಕಾಳುಮೆಣಸು ಮಾತ್ರ. ಆದರೆ ಜನ ಅಲ್ಲಿಗೆ ನಿಲ್ಲಲಿಲ್ಲ. ಮರಕ್ಕೆ ಹಬ್ಬಿದ ಅಮೃತಬಳ್ಳಿ ಕಂಡಕಂಡಲ್ಲಿ ತುಂಡಾಗಿ ಪಾತ್ರೆಗೆ ಬಿತ್ತು. ಕೆಲವರು ವಾರಗಟ್ಟಲೆ, ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬೈಯ ವೈದ್ಯರು ಹೀಗೆ ಕುಡಿದು ಯಕೃತ್ತಿಗೆ ಹಾನಿಯಾದ ಆರು ಮಂದಿಯ ವಿವರ ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳನ್ನು ಒಳಗೊಂಡ ಅಧ್ಯಯನ 43 ಪ್ರಕರಣಗಳನ್ನು ಮುಂದಿಟ್ಟಿತು. ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದೇ ಕುಲದ ಇನ್ನೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ತಪ್ಪು ತಿಳಿದು ಕುಡಿದಿರಬಹುದೆಂದಿತು. ಯಾರದ್ದು ಸರಿಯಾದರೂ ನಮಗೆ ಉಳಿಯುವ ಪಾಠ ಒಂದೇ. ಬಳ್ಳಿಯೇ ಕಾರಣವೆಂದರೆ ದಿನವೂ ಕುಡಿಯುವುದು ತಪ್ಪು. ಗುರುತು ತಪ್ಪಿದ್ದೇ ಕಾರಣವೆಂದರೆ ಗುರುತಿಲ್ಲದೆ ಕೊಯ್ಯುವುದು ತಪ್ಪು. ತೆಳು ಹೊಟ್ಟು ಸುಲಿಯುವ ಕಾಂಡ ಯಾವುದು, ಮೈತುಂಬ ಗಂಟುಗಂಟು ಎದ್ದ ಕಾಂಡ ಯಾವುದು ಎಂದು ನೋಡಿ ಹೇಳಬಲ್ಲವರಿಲ್ಲದ ಮನೆಯಲ್ಲಿ ಆ ಬಳ್ಳಿ ಮರದ ಮೇಲೇ ಇರುವುದು ಕ್ಷೇಮ. ಬಸುರಿಯರು, ಸಕ್ಕರೆ ಕಾಯಿಲೆಗೋ ರಕ್ತ ತೆಳುವಾಗಿಸಲೋ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇಂಥ ತೀಕ್ಷ್ಣ ಗಿಡಗಳಿಗೆ ಕೈಹಾಕಬಾರದೆಂಬುದೂ ಇದರ ಜೊತೆಗೇ ಬರಬೇಕಾದ ಮಾತು.

ಮದ್ದಿನ ಮಾತು ದೇಹವನ್ನಷ್ಟೇ ಅಲ್ಲ, ಕಾಡನ್ನೂ ಕೆಡಿಸುತ್ತದೆ. ಉತ್ತರ ಕನ್ನಡ ಇದನ್ನು ಉಪ್ಪಾಗೆಯಲ್ಲಿ ಒಮ್ಮೆ ಕಂಡಿದೆ. ಮುರುಗಲಿನ ಬಂಧುವಾದ ಈ ಮರದ ಹುಳಿ ಸಿಪ್ಪೆ ತಲೆಮಾರುಗಳಿಂದ ಅಡುಗೆಗೆ ಆಗುತ್ತಿತ್ತು. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಸುದ್ದಿ ವಿದೇಶಗಳಲ್ಲಿ ಹಬ್ಬಿದ್ದೇ ತಡ, 1990ರ ದಶಕದಲ್ಲಿ ಬೆಲೆ ಏರಿತು. ಹಣ್ಣಾಗಿ ಉದುರುವವರೆಗೆ ಕಾಯುವ ವ್ಯವಧಾನ ಹೋಯಿತು. ಕೊಂಬೆಗಳೇ ಕಡಿದುಬಿದ್ದವು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಹೊರೆಹೊರೆ ಕಟ್ಟಿಗೆ ಉರಿಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 135 ಮಂದಿಯ ಮೇಲೆ ಹನ್ನೆರಡು ವಾರ ನಡೆಸಿದ ಪ್ರಯೋಗದ ವರದಿ ಬಂತು: ಹುಸಿ ಗುಳಿಗೆ ನುಂಗಿದವರಿಗಿಂತ ಇದನ್ನು ನುಂಗಿದವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಸಾರಿನ ಹುಳಿಯಾಗಿದ್ದಾಗ ಉಪ್ಪಾಗೆಗೆ ಯಾರಿಂದಲೂ ಅಪಾಯವಿರಲಿಲ್ಲ; ಜಗತ್ತಿನ ಬೊಜ್ಜಿಗೆ ಮದ್ದಾದಾಗ ಅದರ ಕೊಂಬೆಗೆ ಕತ್ತಿ ಬಿತ್ತು. ನಾಳೆ ಜೊಯಿಡಾದ ಇನ್ನಾವುದೋ ಬಳ್ಳಿಗೆ ‘ರೋಗನಿರೋಧಕ’ ಎಂಬ ಚೀಟಿ ಅಂಟಿಸುವವರು ಈ ಇತಿಹಾಸವನ್ನು ಓದಿಕೊಳ್ಳುವುದು ಒಳ್ಳೆಯದು.

ಆದ್ದರಿಂದಲೇ ‘ಅಂಗಳ’ ಎಂಬ ಗಡಿ ಮುಖ್ಯವಾಗುತ್ತದೆ. ಮದ್ದಿನ ಹೊಗಳಿಕೆಯ ಗದ್ದಲದಲ್ಲಿ ಯಾರೂ ಎತ್ತಿಹೇಳದ ಈ ರೂಢಿಯ ದೊಡ್ಡ ಗುಣ ಇಲ್ಲಿದೆ. 2013ರಲ್ಲಿ ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆ ಅಂಗಡಿಯಲ್ಲಿ ಸಿಗುವ ಗಿಡಮೂಲಿಕೆ ಟೀಗಳನ್ನು ಪರೀಕ್ಷಿಸಿದಾಗ ಪೈರೊಲಿಝಿಡಿನ್ ಎಂಬ, ಯಕೃತ್ತಿಗೆ ವಿಷವಾದ ಆಲ್ಕಲಾಯ್ಡ್‌ಗಳು ಸಿಕ್ಕವು. ಹೊಲದಲ್ಲಿ ಬೆಳೆಯ ನಡುವೆ ಎದ್ದ ಕಳೆಗಿಡಗಳು ಕಟಾವಿನಲ್ಲಿ ಸೇರಿಹೋದದ್ದೇ ಅದಕ್ಕೆ ಮುಖ್ಯ ಕಾರಣ. ಐರೋಪ್ಯ ಒಕ್ಕೂಟ 2022ರಿಂದ ಇವಕ್ಕೆ ಮಿತಿ ವಿಧಿಸಿದೆ. ನಮ್ಮ ಬೇಲಿಸಾಲಿನಲ್ಲೂ ಈ ವಿಷವುಳ್ಳ ಕಳೆಗಳಿಗೆ ಕೊರತೆಯಿಲ್ಲ; ಅಜೆರೇಟಮ್ ಎಂಬ ಊರಲ ಗಿಡ, ಕಮ್ಯುನಿಸ್ಟ್ ಗಿಡ ಎರಡೂ ಆ ಪಟ್ಟಿಯವೇ. ಆದರೆ ಅಂಗಳದಲ್ಲಿ ಕೊಯ್ಯುವುದು ಯಂತ್ರವಲ್ಲ, ಕೈ. ಒಂದೊಂದೇ ಎಸಳನ್ನು ನೋಡಿ ಚಿವುಟುವ ಕೈ ತುಳಸಿಯ ನಡುವಿನ ಊರಲ ಗಿಡವನ್ನು ಬಿಟ್ಟು ಮುಂದೆ ಹೋಗುತ್ತದೆ. ಜಗತ್ತಿನ ದೊಡ್ಡ ಕಂಪನಿಗಳು ಪ್ರಯೋಗಾಲಯಕ್ಕೆ ಹಣ ಸುರಿದು ಗಳಿಸಬೇಕಾದ ಭರವಸೆ ಬಲ್ಲ ಮನೆಯೊಂದಕ್ಕೆ ಪುಕ್ಕಟೆ ಸಿಗುತ್ತದೆ. ಆದರೆ ಬಲ್ಲವರಿರಬೇಕೆಂಬ ಷರತ್ತು ಸಡಿಲಾಗದು. ಅಜ್ಜಿಗೆ ಗೊತ್ತಿದ್ದು ಮೊಮ್ಮಗಳಿಗೆ ಗೊತ್ತಿಲ್ಲವೆಂದಾದರೆ ಅಂಗಳ ಹಾಗೇ ಇದ್ದರೂ ಆ ಭರವಸೆ ಹೋದಂತೆಯೇ.

ಗುರುತಿನಷ್ಟೇ ಮುಖ್ಯ ಜಾಗ. ಅಂಗಳದ್ದೆಲ್ಲ ಶುದ್ಧ ಎಂಬ ನಂಬಿಕೆ ಜೊಯಿಡಾದಂಥ ಕಡೆಯಲ್ಲೂ ಕುರುಡು. ಒಂದೆಲಗ ಹುಲುಸಾಗಿ ಹಬ್ಬುವುದು ಬಚ್ಚಲ ನೀರು ಹರಿಯುವಲ್ಲಿ. ಇಂದು ಆ ನೀರಲ್ಲಿ ಸೀಗೆಪುಡಿಯ ಬದಲು ಡಿಟರ್ಜಂಟ್ ಇದೆ. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನ ಒಮ್ಮೆ, ನಡುವೆ ಇನ್ನೊಮ್ಮೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣಗಳ ಆ ದ್ರಾವಣ ಗೊನೆಗಷ್ಟೇ ಅಂಟುವುದಿಲ್ಲ. ತಾಮ್ರ ಕೆಳಗಿನ ಮೆಣಸಿನ ಬಳ್ಳಿಗೆ, ದೊಡ್ಡಪತ್ರೆಗೆ, ಮಜ್ಜಿಗೆಹುಲ್ಲಿಗೆ ತೊಟ್ಟಿಕ್ಕುತ್ತದೆ. ಸಾವಯವದ ಹೆಮ್ಮೆಯ ತೋಟಗಳಲ್ಲೂ ಈ ಸಿಂಪಡಣೆ ಇರುವುದರಿಂದ ‘ನಾವು ರಾಸಾಯನಿಕ ಬಳಸುವುದಿಲ್ಲ’ ಎಂಬ ಮಾತು ಉತ್ತರವಾಗದು. ಕುಡಿಯುವ ಗಿಡಗಳಿಗೆ ತೋಟದಿಂದಲೂ ಬಚ್ಚಲಿಂದಲೂ ದೂರದ, ಸೂರುನೀರು ಬೀಳದ ಒಂದು ಮಡಿ ಬೇರೆಯೇ ಬೇಕು. ಇದು ಪ್ರಯೋಗಾಲಯದ ವಿದ್ಯೆಯಲ್ಲ, ಇಳಿಜಾರು ಎತ್ತ ಎಂದು ನೋಡುವ ಸಾಮಾನ್ಯ ಬುದ್ಧಿ.

ಜೊಯಿಡಾದಲ್ಲಿ ಅಂಗಳ ಎಲ್ಲಿ ಮುಗಿಯುತ್ತದೆ ಎಂಬುದೇ ಜಗಳದ ಪ್ರಶ್ನೆ ಎಂಬುದನ್ನು ಮರೆತು ಈ ಮಾತು ಪೂರ್ತಿಯಾಗದು. 2007ರಲ್ಲಿ ದಾಂಡೇಲಿ–ಅಣಶಿ ಹೆಸರಲ್ಲಿ ಘೋಷಣೆಯಾಗಿ 2015ರಲ್ಲಿ ಕಾಳಿ ಎಂದು ಹೆಸರು ಬದಲಿಸಿಕೊಂಡ ಹುಲಿ ಸಂರಕ್ಷಿತ ಪ್ರದೇಶ ತಾಲ್ಲೂಕಿನ ದೊಡ್ಡ ಭಾಗವನ್ನು ಆವರಿಸಿದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿಂದ ವ್ಯಾಪಾರಕ್ಕಾಗಿ ಸೊಪ್ಪು–ಬಳ್ಳಿ ತರಲು ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಇತ್ತ 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕು ಕೊಡುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿದ್ದಕ್ಕೆ ಆಧಾರ ತೋರಿಸಬೇಕು. ಗೋವಾದ ಕುಣಬಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಗಡಿಯ ಈಚೆಗಿನ ಜೊಯಿಡಾದ ಕುಣಬಿಗಳು ಅದೇ ಬೇಡಿಕೆ ಇಟ್ಟು ಕಾಯುತ್ತಲೇ ಬಂದಿದ್ದಾರೆ. ಹೀಗಿರುವಾಗ ‘ನಿಮ್ಮದೇ ಅಂಗಳದಿಂದ ಕೊಯ್ಯಿರಿ’ ಎಂಬ ಉಪದೇಶ ಹಕ್ಕುಪತ್ರ ಇದ್ದವರ ಉಪದೇಶವಾಗಿ ಕೇಳಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ಅಂಗಳದ ಗಡಿ ಬಿಟ್ಟು ಕಾಡಿಗೆ ನುಗ್ಗುವುದಲ್ಲ, ಅಂಗಳದ ಮೇಲಿನ ಅವರ ಹಕ್ಕನ್ನು ಮಾನ್ಯ ಮಾಡುವುದು. ಗಿಡವನ್ನು ಬಲ್ಲವರಿಗೆ ನೆಲದ ಭದ್ರತೆ ಇದ್ದರೆ ಅವರು ಕಾಡಿನ ಬಳ್ಳಿಯನ್ನು ತಂದು ನೆಟ್ಟು ಬೆಳೆಸುತ್ತಾರೆ. ಜೊಯಿಡಾದ ಗೆಡ್ಡೆ–ಗೆಣಸು ಮೇಳದಲ್ಲಿ ಸಾಲಾಗಿ ಕೂರುವ ತಳಿಗಳು ಇದಕ್ಕೆ ಸಾಕ್ಷಿ. ಅವುಗಳನ್ನು ಉಳಿಸಿರುವುದು ಮನೆಯ ಸುತ್ತಲಿನ ಪಾತಿಗಳೇ.

ಕೊನೆಯ ಆಕ್ಷೇಪ ಅಡುಗೆಮನೆಯದು. ಮದ್ದಲ್ಲವೆಂದಾದರೆ ಇಷ್ಟೆಲ್ಲ ರಗಳೆ ಯಾಕೆ, ಚಹಾಪುಡಿ ಅಗ್ಗವಾಗಿ ಸಿಗುತ್ತದಲ್ಲ? ಎಸಳು ಕೊಯ್ಯುವುದು, ತೊಳೆಯುವುದು, ಸೋಸುವುದು ಮನೆಯ ಹೆಂಗಸರ ತಲೆಗೇ ಬರುವ ಇನ್ನೊಂದು ಕೆಲಸವಲ್ಲವೇ? ಎರಡನೆಯ ಮಾತಿಗೆ ಎದುರಾಡಲು ಏನೂ ಇಲ್ಲ. ಕಷಾಯದ ಹಿರಿಮೆ ಹಾಡುವ ಗಂಡಸರು ಅದನ್ನು ತಾವೇ ಕಾಸಲಿ. ಮೊದಲನೆಯದಕ್ಕೆ ಚಹಾದ ಚರಿತ್ರೆಯೇ ಉತ್ತರ. ಚಹಾ ಈ ದೇಶದ ಮನೆಮನೆಗೆ ತನ್ನಷ್ಟಕ್ಕೆ ನಡೆದು ಬರಲಿಲ್ಲ. 1903ರ ಸೆಸ್ ಕಾನೂನು ರಫ್ತಾಗುವ ಚಹಾದ ಮೇಲೆ ಸುಂಕ ಹಾಕಿ ಪ್ರಚಾರಕ್ಕೆ ಹಣ ಕೂಡಿಸಿತು. 1930ರ ದಶಕದಲ್ಲಿ ಹೊರಗಿನ ಮಾರುಕಟ್ಟೆ ಕುಸಿದಾಗ ಸಂತೆ, ಕಾರ್ಖಾನೆ, ರೈಲು ನಿಲ್ದಾಣಗಳಲ್ಲಿ ಆ ಪ್ರಚಾರ ಬಿರುಸಾಯಿತು. ಚಹಾ ಶಕ್ತಿ ಕೊಡುತ್ತದೆ, ಚುರುಕು ಮಾಡುತ್ತದೆ, ಆರೋಗ್ಯಕ್ಕೆ ಹಿತವೆಂಬುದು ಅದರ ಪಲ್ಲವಿ. ಇಂದು ಕಷಾಯದ ಹೆಸರಲ್ಲಿ ಹಾಡುತ್ತಿರುವುದು ಅದೇ ಪಲ್ಲವಿಯನ್ನು. ಒಂದು ಪಾನೀಯದ ಮೋಡಿಯಿಂದ ಬಿಡುಗಡೆ ಬೇಕೆಂದವರು ಅದೇ ಮಂತ್ರದಿಂದ ಇನ್ನೊಂದನ್ನು ಪಟ್ಟಕ್ಕೇರಿಸಬೇಕಿಲ್ಲ. ಚಹಾವೂ ಇರಲಿ, ಕಷಾಯವೂ ಇರಲಿ. ಕಷಾಯದ ಲೋಟ ಮನೆಯವರನ್ನು ದಿನಕ್ಕೊಮ್ಮೆ ಅಂಗಳಕ್ಕೆ ಇಳಿಸುತ್ತದೆ, ಗಿಡ ಬಾಡಿದೆಯೇ ಚಿಗುರಿದೆಯೇ ಎಂದು ನೋಡಿಸುತ್ತದೆ. ಬಳಕೆಯಲ್ಲಿರುವ ಗಿಡಕ್ಕಷ್ಟೇ ಅಂಗಳದಲ್ಲಿ ಜಾಗ ಉಳಿಯುತ್ತದೆ.

ಇಷ್ಟನ್ನು ಒಪ್ಪಿದರೆ ಒಳ್ಳೆಯ ಕಷಾಯದ ಲಕ್ಷಣವನ್ನು ಹೇಳುವುದು ಸುಲಭ: ಒಂದು ಲೋಟಕ್ಕೆ ಒಂದು ಎಲೆ, ಬೇಕಿದ್ದರೆ ಜೊತೆಗೆ ಚೂರು ಶುಂಠಿ. ಒಂದೇ ಇದ್ದಾಗ ಅದರ ಪರಿಮಳ ಪೂರ್ತಿ ಸಿಗುತ್ತದೆ. ಮೈಗೆ ಒಗ್ಗದಿದ್ದರೆ ಕಾರಣ ಯಾವುದೆಂದೂ ತಕ್ಷಣ ತಿಳಿಯುತ್ತದೆ. ರುಚಿಯ ನಿಯಮವೂ ಎಚ್ಚರದ ನಿಯಮವೂ ಇಲ್ಲಿ ಒಂದಾಗುತ್ತವೆ. ಶುಂಠಿ–ಮೆಣಸು–ಹಿಪ್ಪಲಿಯಂಥ ಕೂಟಗಳು ಪರಂಪರೆಯಲ್ಲಿ ಇಲ್ಲವೇ ಎಂದರೆ, ಇವೆ. ಅವುಗಳ ಪ್ರಮಾಣ ಗೊತ್ತಾದದ್ದು, ತಲೆಮಾರುಗಳಿಂದ ನಿಂತದ್ದು. ಇವತ್ತು ಕೈಗೆ ಸಿಕ್ಕಿದ ಏಳು ಸೊಪ್ಪನ್ನು ಒಟ್ಟಿಗೆ ಕುದಿಸುವುದಕ್ಕೆ ಆ ರಕ್ಷಣೆ ಇಲ್ಲ. ದಾಂಡೇಲಿ, ಗಣೇಶಗುಡಿ, ಜೊಯಿಡಾಗಳಿಗೆ ಬರುವ ಪ್ರವಾಸಿಗರಿಗೆ ಇದನ್ನು ಬಡಿಸುವ, ಪೊಟ್ಟಣ ಕಟ್ಟಿ ಮಾರುವ ಮನೆಗಳಿಗೂ ಇದೇ ಅಳತೆ ಸಲ್ಲುತ್ತದೆ. ಪೊಟ್ಟಣದ ಮೇಲೆ ಯಾವ ರೋಗದ ಹೆಸರೂ ಬೇಡ. ಗಿಡದ ಹೆಸರು, ಬೆಳೆದ ಊರಿನ ಹೆಸರು, ಕೊಯ್ದ ತಿಂಗಳು, ಒಣಗಿಸಿದ ಬಗೆ, ಇಷ್ಟಿದ್ದರೆ ಸಾಕು. ಈ ನಾಲ್ಕನ್ನು ಬರೆಯಬಲ್ಲ ಮನೆ ತನ್ನ ಸರಕನ್ನು ಬಲ್ಲದೆಂದು ಅರ್ಥ. ಬರೆಯಲಾಗದೆ ‘ರೋಗನಿರೋಧಕ’ ಎಂದಷ್ಟೇ ಬರೆದ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟುಬರಬಹುದು.